ನೋವು ಎಲ್ಲಿದೆ? ದೇಹದ ಹೆಸರುಗಳ ಬಗ್ಗೆ ಕೆಲವು ಮಾತು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹ ರೂಪ)



ಬಿ.ಇ. ಓದಿದವನು, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಇವತ್ತು ಅದು ಬೇಡ. ನಾನು ಬೆಂಗಳೂರಿನಲ್ಲಿ ಆಸ್ಪತ್ರೆಗಳ ದಾಖಲೆ ಇಡುವ ಸಾಫ್ಟ್‌ವೇರ್ ಮಾಡುವ ತಂಡದಲ್ಲಿದ್ದೇನೆ. ರೋಗಿಗೆ ನೋವು ಎಲ್ಲಿದೆ ಎಂದು ಬರೆಯುವ ಒಂದು ಪುಟ ನನ್ನ ಪಾಲಿಗೆ ಬಂತು. ಆ ಒಂದು ಪುಟಕ್ಕಾಗಿ ನಾನು ಇದೇ ಶಾಲೆಯ ಜೀವಶಾಸ್ತ್ರದ ಪಾಠಕ್ಕೆ ವಾಪಸ್ ಹೋಗಬೇಕಾಯಿತು.

ನಮ್ಮ ಕಡೆ ‘ನರ ಹಿಡದದ’ ಅಂತೀವಿ. ಕೈ ಮೇಲೆ ನೀಲಿಯಾಗಿ ಕಾಣುವ ರಕ್ತನಾಳವೂ ನರ, ಹಿಮ್ಮಡಿಯ ಹಿಂದೆ ಬಿಗಿಯಾಗಿ ಸಿಗುವ ಹುರಿಯೂ ನರ, ಮೆದುಳಿನಿಂದ ಸುದ್ದಿ ಒಯ್ಯುವುದೂ ನರ. ಡಾಕ್ಟರಿಗೆ ಇವು ಮೂರು ಬೇರೆ ವಸ್ತು, ಮೂರು ಬೇರೆ ಚಿಕಿತ್ಸೆ. ಹೊಟ್ಟೆಯದು ಇನ್ನೂ ದೊಡ್ಡ ಕಥೆ. ಅನ್ನ ಹೋಗುವ ಚೀಲವೂ ಹೊಟ್ಟೆ, ಕರುಳಿರುವ ಜಾಗವೂ ಹೊಟ್ಟೆ. ‘ಹೊಟ್ಟೀಲೆ ಅದಾಳ’ ಅಂದರೆ ಬಸುರಿ. ನಮ್ಮ ಹೆಣ್ಣುಮಕ್ಕಳು ಗರ್ಭಕೋಶದ ನೋವನ್ನೂ ಸಂಕೋಚದಿಂದ ಹೊಟ್ಟೆನೋವು ಎಂದೇ ಹೇಳಿ ಗುಳಿಗೆ ತೆಗೆದುಕೊಂಡು ಬರುತ್ತಾರೆ. ಡಾಕ್ಟರರು ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ನೋಡುತ್ತಾರೆ, ಕೆಲವೊಮ್ಮೆ ಒಂಬತ್ತು. ಬಲಗಡೆ ಕೆಳಗೆ ನೋವು ಅಂದರೆ ಅಪೆಂಡಿಕ್ಸ್ ಇರಬಹುದೇ ಎಂದು ಯೋಚಿಸುತ್ತಾರೆ. ಬಲಗಡೆ ಮೇಲೆ ಅಂದರೆ ಯಕೃತ್ತು, ಪಿತ್ತಕೋಶ. ಒಂದು ಗೇಣು ಆಚೀಚೆ ಆದರೆ ಪರೀಕ್ಷೆಯೇ ಬೇರೆ.

ಬಲ ಎಂದರೆ ಯಾರ ಬಲ? ನೋಡುವವರದಲ್ಲ, ರೋಗಿಯದು. ಎದೆಯ ಎಕ್ಸ್-ರೇ ಹಿಡಿದು ನೋಡಿದರೆ ರೋಗಿಯ ಎಡಗಡೆ ನಮ್ಮ ಬಲಕ್ಕೆ ಬರುತ್ತದೆ. ಅದಕ್ಕೇ ಫಿಲ್ಮಿನ ಮೂಲೆಯಲ್ಲಿ ‘ಎಲ್’ ಅಥವಾ ‘ಆರ್’ ಎಂದು ಗುರುತು ಹಾಕಿರುತ್ತಾರೆ. ಅಂಗರಚನಾಶಾಸ್ತ್ರದಲ್ಲಿ ದೇಹ ಯಾವಾಗಲೂ ನೆಟ್ಟಗೆ ನಿಂತಿದೆ, ಮುಖ ಮುಂದಕ್ಕೆ, ಕೈ ಕೆಳಗೆ, ಅಂಗೈ ಮುಂದಕ್ಕೆ ಎಂದು ಹಿಡಿದು ಲೆಕ್ಕ ಹಾಕುತ್ತಾರೆ. ರೋಗಿ ಮಕಾಡೆ ಮಲಗಿದ್ದರೂ ಬೆನ್ನು ‘ಮೇಲೆ’ ಆಗುವುದಿಲ್ಲ, ‘ಹಿಂದೆ’ಯೇ ಇರುತ್ತದೆ.

ಇದು ಕಷ್ಟವೆಂದು ಅಂದುಕೊಳ್ಳಬೇಡಿ. ವಾಡಿ ಜಂಕ್ಷನ್ನಿನಲ್ಲಿ ನಿಂತು ನಾವು ‘ಎಡಗಡೆ ಗಾಡಿ’ ಅನ್ನುತ್ತೇವೆಯೇ? ಕಲಬುರಗಿ ಕಡೆ ಹೋಗುವುದು, ರಾಯಚೂರು ಕಡೆ ಹೋಗುವುದು, ಚಿತ್ತಾಪುರ–ಸೇಡಂ ಕಡೆ ಹೋಗುವುದು ಅನ್ನುತ್ತೇವೆ. ನಾವು ಯಾವ ಕಡೆ ಮುಖ ಮಾಡಿ ನಿಂತರೂ ಊರುಗಳು ಜಾಗ ಬಿಡುವುದಿಲ್ಲ. ದೇಹದಲ್ಲೂ ಹಾಗೆಯೇ: ತಲೆ ಕಡೆ, ಕಾಲಿನ ಕಡೆ, ನಡುಗೆರೆಯ ಕಡೆ, ಹೊರಮಗ್ಗಲ ಕಡೆ. ಕೈಕಾಲುಗಳಲ್ಲಿ ಬುಡದ ಕಡೆ, ತುದಿಯ ಕಡೆ. ಇಂಗ್ಲಿಷಿನ ಪ್ರಾಕ್ಸಿಮಲ್, ಡಿಸ್ಟಲ್ ಎಂಬ ಭಾರೀ ಪದಗಳ ಅರ್ಥ ಇಷ್ಟೇ: ಬುಡ, ತುದಿ.

ನಮ್ಮ ಓಣಿಯ ಕಾಕಾ ಒಬ್ಬರಿದ್ದಾರೆ. ಜೀವಮಾನವೆಲ್ಲ ಶಹಾಬಾದ್ ಕಲ್ಲಿನ ಫರಸಿ ಎತ್ತಿ ದುಡಿದವರು. ಟೊಂಕನೋವಿಗೆಂದು ಹೊರರಾಜ್ಯದ ದವಾಖಾನೆಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ರಿಪೋರ್ಟ್ ಕೈಗೆ ಕೊಟ್ಟರೇ ಹೊರತು ಬಿಡಿಸಿ ಹೇಳಲಿಲ್ಲ. ಎರಡು ದಿನ ಸರಿಯಾಗಿ ಉಂಡಿರಲಿಲ್ಲವಂತೆ. ನನಗೆ ಫೋನ್ ಮಾಡಿ ಮೆಲ್ಲಗೆ ಕೇಳಿದರು: “ತಮ್ಮಾ, ಎಲ್ 4, ಎಲ್ 5 ಅಂತ ಬರದದ. ನಾಕನೇ ಸ್ಟೇಜ್ ದಾಟಿ ಐದಕ್ಕ ಬಂತೇನಪಾ?”

“ಇಲ್ಲ ಕಾಕಾ, ಅದು ಸ್ಟೇಜ್ ಅಲ್ಲ, ಮನಿ ನಂಬರ್ ಇದ್ದಂಗ” ಅಂದೆ. ಬೆನ್ನೆಲುಬಿನಲ್ಲಿ ಕುತ್ತಿಗೆಗೆ 7 ಮಣಿ, ಎದೆಯ ಭಾಗಕ್ಕೆ 12, ಟೊಂಕಕ್ಕೆ 5. ಟೊಂಕದ ಮಣಿಗೆ ಇಂಗ್ಲಿಷಿನಲ್ಲಿ ‘ಎಲ್’ ಅಕ್ಷರ. ಮೇಲಿನಿಂದ ನಾಲ್ಕನೆಯದು ಮತ್ತು ಐದನೆಯದು, ಆ ಎರಡರ ನಡುವಿನ ಗಾದಿ ಸ್ವಲ್ಪ ಉಬ್ಬಿದೆ, ಅಷ್ಟೇ ಬರೆದದ್ದು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಕಾಕಿಗೆ ಕೂಗಿ ಹೇಳಿದ್ದು ಕೇಳಿಸಿತು: “ಏ, ರೊಟ್ಟಿ ಬಡಿ.” (ಈ ಕುತ್ತಿಗೆಯ ಏಳು ಮಣಿಯ ಮಾತು ಮಕ್ಕಳಿಗೆ: ಜಿರಾಫೆಗೂ ಏಳೇ.)

ಇನ್ನು ಜೋಡಣೆಯ ಮಾತು. ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ‘ಅಂಗಾಂಶ’ವನ್ನು ಒಡೆದು ನೋಡಿ: ಅಂಗದ ಅಂಶ. ಅದೇ ಪದದಲ್ಲಿ ಅದರ ಅರ್ಥವಿದೆ. ಇಂಗ್ಲಿಷಿನ ಟಿಶ್ಯೂ ಎಂಬುದು ನಮ್ಮ ಮಕ್ಕಳಿಗೆ ಕೈ ಒರೆಸುವ ಕಾಗದವಷ್ಟೇ. ಮೈಯಲ್ಲಿರುವ ಅಂಗಾಂಶಗಳು ಮುಖ್ಯವಾಗಿ ನಾಲ್ಕೇ ಬಗೆ: ಹೊದಿಸುವುದು, ಜೋಡಿಸುವುದು, ಎಳೆಯುವುದು, ಸುದ್ದಿ ಒಯ್ಯುವುದು. ಪುಸ್ತಕದಲ್ಲಿ ಇವಕ್ಕೆ ಅನುಲೇಪಕ, ಸಂಯೋಜಕ, ಸ್ನಾಯು, ನರ ಎಂಬ ಹೆಸರುಗಳಿವೆ. ಹೃದಯ ಒಂದರಲ್ಲೇ ಈ ನಾಲ್ಕೂ ಇವೆ. ಹರಿಯುವ ರಕ್ತವನ್ನೂ ಗಟ್ಟಿ ಎಲುಬನ್ನೂ ಒಂದೇ ಸಂಯೋಜಕ ಗುಂಪಿಗೆ ಸೇರಿಸಿದ್ದಾರೆ ಎಂಬುದು ನನಗೆ ಇವತ್ತಿಗೂ ಸೋಜಿಗ.

ಕನ್ನಡದಲ್ಲಿ ವಿಜ್ಞಾನ ಓದಿದರೆ ಮುಂದೆ ಪ್ರಯೋಜನವಿಲ್ಲ ಎಂದು ಪಾಲಕರು ನನ್ನ ಹತ್ತಿರ ಹೇಳುತ್ತಾರೆ. ಎಂಬಿಬಿಎಸ್ ಇಂಗ್ಲಿಷಿನಲ್ಲಿದೆ, ನಿಜ. ಆ ಇಂಗ್ಲಿಷ್ ಹೆಸರುಗಳಲ್ಲಿ ಹೆಚ್ಚಿನವು ಲ್ಯಾಟಿನ್, ಗ್ರೀಕ್ ಮೂಲದವು. ಇಂಗ್ಲಿಷ್ ಮಾಧ್ಯಮದ ಹುಡುಗನಿಗೂ ಅವು ಹೊಸವೇ. ಅವನೂ ಬಾಯಿಪಾಠವೇ ಮಾಡಬೇಕು. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ನಮ್ಮ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲೇ ಶುರುವಾಯಿತು. ಕಲಬುರಗಿಯಲ್ಲೇ ಇದ್ದು ವೈದ್ಯಕೀಯ ಕಲಿಸಿದ ಡಾ. ಪಿ. ಎಸ್. ಶಂಕರ್ ಅವರು ಕನ್ನಡದಲ್ಲಿ ವೈದ್ಯಕೀಯ ಪುಸ್ತಕಗಳನ್ನು ಬರೆದಿದ್ದಾರೆ. ಆದರೆ ಒಂದು ಮಾತು ನಾನು ಒಪ್ಪಿಕೊಳ್ಳುತ್ತೇನೆ: ಕಾಕಾನಿಗೆ ‘ಕಶೇರು’ ಎಂದಿದ್ದರೆ ‘ಎಲ್ 4’ ಅಂದಷ್ಟೇ ತಿಳಿಯುತ್ತಿತ್ತು. ಟೊಂಕದ ಮಣಿ ಅಂದದ್ದಕ್ಕೇ ತಿಳಿಯಿತು.

ಆದ್ದರಿಂದ ನಮ್ಮ ಬ್ಯಾಚಿನವರು ಸೇರಿ ಒಂದು ದೊಡ್ಡ ಪಟ ಮಾಡಿಸಬೇಕೆಂದಿದ್ದೇವೆ. ನಿಂತ ಮನುಷ್ಯನ ಚಿತ್ರ, ಪಕ್ಕದಲ್ಲಿ ಮೂರು ಸಾಲು: ಮನೆಮಾತು, ಪುಸ್ತಕದ ಕನ್ನಡ, ಡಾಕ್ಟರರ ಇಂಗ್ಲಿಷ್, ಅದೂ ಕನ್ನಡ ಲಿಪಿಯಲ್ಲೇ. ಒಂದು ಪ್ರತಿ ಶಾಲೆಗೆ, ಒಂದು ಊರಿನ ಆರೋಗ್ಯ ಕೇಂದ್ರಕ್ಕೆ. ಎರಡನೆಯ, ಮೂರನೆಯ ಸಾಲು ಪುಸ್ತಕದಲ್ಲಿ ಸಿಗುತ್ತವೆ. ಮೊದಲನೆಯದು ನಿಮ್ಮ ಬಾಯಲ್ಲಿದೆ. ರಟ್ಟೆ, ಡುಬ್ಬ, ಮೊಳಕಾಲು, ಮಗ್ಗಲು ಎಂದು ನಲವತ್ತರಷ್ಟು ಬರೆದಿಟ್ಟುಕೊಂಡಿದ್ದೇನೆ, ಇನ್ನೂ ಬೇಕು. ಊಟವಾದ ಮೇಲೆ ವಿಜ್ಞಾನದ ಕೋಣೆಯಲ್ಲಿ ನೋಟ್‌ಬುಕ್ ಹಿಡಿದು ಕೂತಿರುತ್ತೇನೆ. ಅಜ್ಜಿಯಂದಿರು ಮೊದಲು ಬರಬೇಕು.