ಸಣ್ಣ ಹಿಡುವಳಿಗೆ ತಕ್ಕ ಕುರಿಗಳು ಮತ್ತು ಅವುಗಳ ಕಾವಲು

(ಮಂಡ್ಯ ಸೀಮೆಯ ರೈತರ ಸಭೆಯೊಂದರಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರು ಮಾಡಿದ ಉಪನ್ಯಾಸ)



ಎರಡು ಮೂರು ಎಕರೆ ಭೂಮಿಯುಳ್ಳ ರೈತನು ಹತ್ತಿಪ್ಪತ್ತು ಕುರಿಗಳನ್ನು ಸಾಕಿದರೆ ಹೊಲಕ್ಕೆ ಗೊಬ್ಬರ ದೊರೆಯುವುದು. ಮಳೆ ಕೈಕೊಟ್ಟ ವರ್ಷದಲ್ಲಿ ಎರಡು ಟಗರು ಮಾರಿ ಸಂಸಾರ ತೂಗಿಸುವುದಕ್ಕೂ ಅನುಕೂಲವಾಗುವುದು. ಇದು ತಮಗೆ ತಿಳಿಯದ ಸಂಗತಿಯಲ್ಲ. ಆದರೆ ಅದೇ ಕುರಿಗಳು ನೆರೆಯವನ ರಾಗಿಯ ಪೈರಿಗೆ ನುಗ್ಗಿದ ದಿನ, ಬಂದ ಲಾಭವೆಲ್ಲವೂ ದಂಡಕ್ಕೂ ಜಗಳಕ್ಕೂ ಹೋಗುವುದನ್ನು ತಾವು ಕಂಡಿದ್ದೀರಿ. ಅಂಥ ವ್ಯಾಜ್ಯಗಳು ಮೊದಲು ಬಂದು ನಿಲ್ಲುವುದು ಇಲ್ಲಿ ಕುಳಿತಿರುವ ಮುಖಂಡರ ಜಗಲಿಯ ಮುಂದೆಯೇ. ಆದಕಾರಣ, ಯಾವ ತಳಿಯನ್ನು ಕೊಳ್ಳಬೇಕೆಂಬ ಪ್ರಶ್ನೆಯನ್ನೂ, ಅದನ್ನು ಹೇಗೆ ತಡೆದು ನಿಲ್ಲಿಸಬೇಕೆಂಬ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಆಲೋಚಿಸಕೂಡದೆಂಬುದು ನನ್ನ ಅಭಿಪ್ರಾಯ.

ಗಟ್ಟಿಯಾದ ತಳಿ ಎಂದರೆ ದೊಡ್ಡ ಮೈಯ ತಳಿ ಎಂದು ಸಂತೆಯಲ್ಲಿ ಭಾವಿಸುವವರುಂಟು. ಅದು ಸರಿಯಲ್ಲ. ನಮ್ಮ ನೆಲದ ಮೇವು, ನೀರು, ಬಿಸಿಲುಗಳನ್ನು ತಾಳಿಕೊಂಡು, ತಪ್ಪದೆ ಈದು, ಈದ ಮರಿಗೆ ಸಾಕಷ್ಟು ಹಾಲೂಡುವ ಕುರಿಯೇ ಗಟ್ಟಿಯಾದದ್ದು. ಮಾರ್ಕ್ ಕಬ್ಬನ್ನರು ಕಮಿಷನರಾಗಿದ್ದ ಕಾಲದಲ್ಲಿ (1834–1861) ಉಣ್ಣೆಯನ್ನು ಉತ್ತಮಪಡಿಸುವುದಕ್ಕಾಗಿ ಮೈಸೂರು ಸೀಮೆಗೆ ಮೆರಿನೋ ಕುರಿಗಳನ್ನು ತರಿಸಿದ್ದುಂಟು. ಆದರೂ ನಮ್ಮ ಹಳ್ಳಿಗಳ ರೊಪ್ಪಗಳಲ್ಲಿ ಉಳಿದು ಬಂದಿರುವುದು ನಾಡ ತಳಿಗಳೇ.

ಇವುಗಳಲ್ಲಿಯೂ ಒಂದೊಂದಕ್ಕೆ ಒಂದೊಂದು ನೆಲವಿದೆ. ಡೆಕ್ಕನಿ ಕುರಿಯು ಬಹುಮಟ್ಟಿಗೆ ಕಪ್ಪು. ಅದರ ಒರಟು ಉಣ್ಣೆಯು ಕಂಬಳಿಗೆ ಪ್ರಸಿದ್ಧ. ಒಣ ಬಯಲಿನಲ್ಲಿ ದಿನವೆಲ್ಲಾ ನಡೆದು ಮೇಯುವುದೇ ಅದರ ಶಕ್ತಿ. ಬಳ್ಳಾರಿಯ ಕುರಿಯೂ ಅಂಥ ಬಯಲು ಸೀಮೆಯದೇ. ರಾಯಚೂರಿನ ಕಡೆಯ ಕೆಂಗುರಿಯು ಗುಡ್ಡಗಾಡಿನ ಪ್ರಾಣಿ. ನೂರಾರು ಕುರಿಗಳನ್ನು ಹೊಡೆದುಕೊಂಡು ಊರೂರು ತಿರುಗುವ ಕುರುಬರಿಗೆ ಇವು ಬಹಳ ತಕ್ಕವು. ಆದರೆ ಮೂರು ಎಕರೆಯೊಳಗೆ ನಿಲ್ಲಬೇಕಾದ ಕಡೆ, ನಡೆಯುವುದಕ್ಕೆಂದೇ ಹುಟ್ಟಿದ ಕುರಿಯನ್ನು ತಂದು ನಿಲ್ಲಿಸಿದರೆ ಅದು ಬೇಲಿಯ ಸಂದು ಹುಡುಕುವುದರಲ್ಲಿ ಆಶ್ಚರ್ಯವೇನು?

ಇಂಥ ಹಿಡುವಳಿಗೆ ತಕ್ಕದ್ದು ನಮ್ಮ ಬನ್ನೂರು ಕುರಿ. ಇದನ್ನೇ ಮಂಡ್ಯ ತಳಿಯೆಂದೂ ಕರೆಯುವರು. ಗಿಡ್ಡ ಕಾಲು, ಒತ್ತಾದ ಮೈ, ಬಿಳಿಯ ಬಣ್ಣ, ಮುಖದ ಮೇಲೆ ತಿಳಿಗಂದು; ಸಾಮಾನ್ಯವಾಗಿ ಕೊಂಬಿಲ್ಲ. ಹಿಂದಿನಿಂದ ನೋಡಿದರೆ ತೊಡೆಗಳೆರಡೂ ತುಂಬಿಕೊಂಡು, ಕುದುರೆಯ ಲಾಳವನ್ನು ಕೆಳಮುಖವಾಗಿ ಹಿಡಿದಂತೆ ಕಾಣಬೇಕು. ಈ ಆಕಾರವಿಲ್ಲದ ಕುರಿಯನ್ನು ಬರಿಯ ಬಣ್ಣ ನೋಡಿ ಬನ್ನೂರೆಂದು ಕೊಳ್ಳಬೇಡಿರಿ. ಉಣ್ಣೆಯಿಂದ ಹೇಳಿಕೊಳ್ಳುವಂಥ ಆದಾಯವಿಲ್ಲ. ಮಾಂಸಕ್ಕೆ ಮಾತ್ರ ಇದಕ್ಕಿರುವ ಹೆಸರು ಬೇರೆ ಯಾವುದಕ್ಕೂ ಇಲ್ಲ. ಕೊಳ್ಳುವಾಗ ಹಲ್ಲು ನೋಡಿರಿ. ಎರಡು ಅಥವಾ ನಾಲ್ಕು ಹಲ್ಲಿನ ಕುರಿ ಉತ್ತಮ. ಬಾಯಿಗೂಡಿ ಹಲ್ಲು ಸವೆದದ್ದು ಎಷ್ಟೇ ಅಗ್ಗವಾದರೂ ಬೇಡ.

ಇನ್ನು ಕಾವಲಿನ ವಿಚಾರ. ಬೇಲಿಯನ್ನು ಕುರಿ ಬರುವುದಕ್ಕೆ ಮೊದಲೇ ಬೆಳೆಸತಕ್ಕದ್ದು. ಭೂತಾಳೆಯ ಸಾಲು ದನವನ್ನು ತಡೆಯುವುದು. ಆದರೆ ಬುಡದಲ್ಲಿ ಸಂದು ಬಿಡುವುದರಿಂದ ಮರಿಯನ್ನು ತಡೆಯದು. ಸಂದುಗಳಿಗೆ ಜಾಲಿಯ ಮುಳ್ಳನ್ನು ಒತ್ತಾಗಿ ಸೇರಿಸಬೇಕು. ಒಳಮಗ್ಗುಲಲ್ಲಿ ಗೊಬ್ಬರದ ಗಿಡವನ್ನೋ ಅಗಸೆಯ ಮರವನ್ನೋ ಸಾಲಾಗಿ ನೆಟ್ಟರೆ ಬೇಸಿಗೆಯಲ್ಲಿ ಸೊಪ್ಪು ಸಿಕ್ಕುವುದು. ತಾನಾಗಿ ಬೆಳೆಯುವುದೆಂದು ಲಂಟಾನವನ್ನು ಬೇಲಿಯಾಗಿ ಬಿಡುವ ವಾಡಿಕೆಯುಂಟು. ಬೇರೆ ಹಸುರಿಲ್ಲದ ಕಾಲದಲ್ಲಿ ಕುರಿ ಅದನ್ನು ಮೇಯ್ದರೆ ಈಲಿ ಕೆಟ್ಟು, ಬಿಸಿಲಿಗೆ ಮುಖದ ಚರ್ಮ ಸುಲಿದು ಸಾಯುವುದು. ಅದನ್ನು ಕಿತ್ತುಹಾಕುವುದೇ ಮೇಲು.

ರಾತ್ರಿಗೆ ತಡಿಕೆಗಳೇ ಸಾಕು. ಬಿದಿರಿನ ತಡಿಕೆಗಳು ಐದೂವರೆ ಅಡಿ ಉದ್ದ, ನಾಲ್ಕಡಿ ಎತ್ತರವಿರಲಿ. ಪಕ್ಕಕ್ಕೆ ಮೂರರಂತೆ ಹನ್ನೆರಡು ತಡಿಕೆಗಳನ್ನು ಚೌಕವಾಗಿ ಕಟ್ಟಿದರೆ ಒಂದು ಪಕ್ಕಕ್ಕೆ ಹದಿನಾರೂವರೆ ಅಡಿಯಾಗುವುದು, ಎಂದರೆ ಸರಿಯಾಗಿ ಕಾಲು ಗುಂಟೆ. ಇದರಲ್ಲಿ ಇಪ್ಪತ್ತು ಕುರಿಗಳು ಇಕ್ಕಟ್ಟಿಲ್ಲದೆ ಮಲಗುವುವು. ದಿನಕ್ಕೊಮ್ಮೆ ಪಕ್ಕದ ನೆಲಕ್ಕೆ ಸರಿಸುತ್ತಾ ಹೋದರೆ ನಾಲ್ಕು ರಾತ್ರಿಗೆ ಒಂದು ಗುಂಟೆ, ನೂರರವತ್ತು ರಾತ್ರಿಗೆ ಒಂದು ಎಕರೆ ನೆಲಕ್ಕೆ ಹಿಕ್ಕೆಯೂ ಗಂಜಲವೂ ಬೀಳುವುವು. ಸುಗ್ಗಿ ಮುಗಿದ ಮೇಲೆ ಹಣವನ್ನೋ ಧಾನ್ಯವನ್ನೋ ಕೊಟ್ಟು ಕುರುಬರಿಂದ ಮಂದೆ ನಿಲ್ಲಿಸಿಕೊಳ್ಳುವ ರೈತನು, ಆ ಗೊಬ್ಬರದ ಬೆಲೆಯನ್ನು ನನಗಿಂತ ಚೆನ್ನಾಗಿ ಬಲ್ಲನು. ತೋಳದ ಅಥವಾ ನಾಯಿಗಳ ಭಯವಿದ್ದಲ್ಲಿ ಹೊರಗಡೆ ಮುಳ್ಳು ಹಾಸಿ ಒಬ್ಬರು ಹತ್ತಿರವೇ ಮಲಗಬೇಕು. ಮಳೆಗಾಲದಲ್ಲಿ ಮಾತ್ರ ಹೊಲದಲ್ಲಿ ನಿಲ್ಲಿಸದೆ, ಕುರಿಯೊಂದಕ್ಕೆ ಹತ್ತು ಚದರಡಿಯಂತೆ ಸೂರಿನ ಕೆಳಗೆ, ಎತ್ತರವಾದ ಒಣ ನೆಲದ ಮೇಲೆ ಕೂಡತಕ್ಕದ್ದು.

ನಾಲೆಯ ಬಯಲಿನವರಿಗೆ ಒಂದು ಮಾತು. ಗದ್ದೆಯ ಬದುವಿನ ಹುಲ್ಲು ಸೊಂಪಾಗಿ ಕಂಡರೂ, ಈಲಿಹುಳುವಿನ ಮರಿಗಳು ಸಣ್ಣ ನೀರುಬಸವನಹುಳುಗಳಲ್ಲಿ ಬೆಳೆದು ಆ ಹುಲ್ಲಿಗೆ ಅಂಟಿಕೊಂಡಿರುತ್ತವೆ. ಕೆಸರಿನಲ್ಲಿಯೇ ನಿಂತ ಕುರಿಗೆ ಗೊರಸು ಕೊಳೆಯುವುದು. ಒಣ ನೆಲದಲ್ಲಿ ಮೇಯಿಸಿ, ನೀರನ್ನು ತೊಟ್ಟಿಯಲ್ಲಿ ಕುಡಿಸಿರಿ. ಕರುಳುಬೇನೆಯ ಚುಚ್ಚುಮದ್ದನ್ನು ಮುಂಗಾರಿಗೆ ಮೊದಲೇ ಹಾಕಿಸಿರಿ.

ಮುಖಂಡರು ಮನಸ್ಸು ಮಾಡಬೇಕಾದ ಕೆಲಸವೊಂದಿದೆ. ಚೆನ್ನಾಗಿ ತುಂಬಿಕೊಂಡ ಟಗರಿಗೆ ಕಟುಕನು ಹೆಚ್ಚು ಬೆಲೆ ಕೊಡುವುದರಿಂದ ಅದೇ ಮೊದಲು ಮಾರಾಟವಾಗುವುದು. ಮಾರದೆ ಉಳಿದ ಕುಲಗೆಟ್ಟ ಟಗರು ಹಿಂಡಿಗೆ ತಂದೆಯಾಗುವುದು. ಹೀಗೆಯೇ ನಡೆದರೆ ಬನ್ನೂರಿನ ಹೆಸರು ಉಳಿದು ಕುರಿ ಇಲ್ಲದಾಗುವ ಕಾಲ ಬರಬಹುದು. ಒಬ್ಬ ಬಡರೈತನು ಆ ಬೆಲೆಯನ್ನು ಬಿಟ್ಟುಕೊಡಲಾರನು. ಊರು ಕೂಡಿದರೆ ಸಾಧ್ಯ. ಇಪ್ಪತ್ತೈದು ಮೂವತ್ತು ಕುರಿಗಳಿಗೆ ಒಂದರಂತೆ ಒಳ್ಳೆಯ ಟಗರನ್ನು ಊರೊಟ್ಟಿನ ಹಣದಿಂದ ಕೊಂಡು, ಎರಡು ವರ್ಷಕ್ಕೊಮ್ಮೆ ಪಕ್ಕದ ಊರಿನ ಟಗರಿನೊಡನೆ ಬದಲಾಯಿಸಿಕೊಳ್ಳಿರಿ. ಹಾಗೆ ಮಾಡದಿದ್ದರೆ ಟಗರು ತನ್ನ ಮಕ್ಕಳನ್ನೇ ಕೂಡಿ ತಳಿ ಕುಗ್ಗುವುದು. ಕುರಿಯು ಗಬ್ಬ ಹೊರುವುದು ಸುಮಾರು ಐದು ತಿಂಗಳು. ಮರಿಗಳು ಹಸುರು ಮೇವಿರುವ ಕಾಲಕ್ಕೆ ಬೀಳುವಂತೆ ಲೆಕ್ಕ ಹಾಕಿ ಟಗರನ್ನು ಬಿಡುವುದಕ್ಕೂ ಈ ಏರ್ಪಾಟು ಅನುಕೂಲ.

ಹೇಳಿದ ಅಳತೆಯ ತಡಿಕೆಗಳೆರಡನ್ನು ಹೊರಗೆ ಬೇವಿನ ಮರಕ್ಕೆ ಒರಗಿಸಿದೆ. ಬೇಕಾದವರು ಅಳತೆ ತೆಗೆದುಕೊಳ್ಳಬಹುದು.