ನಕ್ಷತ್ರದ ಲೋಹವೂ ಮಹಾಗ್ರಹದ ಹುಟ್ಟೂ

ಜಲಜನಕ, ಹೀಲಿಯಂಗಳನ್ನುಳಿದು ಮಿಕ್ಕ ಧಾತುಗಳನ್ನೆಲ್ಲ ಖಗೋಳಜ್ಞರು ‘ಲೋಹ’ವೆಂದೇ ಕರೆಯುತ್ತಾರೆ, ಆಮ್ಲಜನಕವೂ ಅವರಿಗೆ ಲೋಹವೇ. ರಸಾಯನಜ್ಞರು ಮುನಿದರೂ ಈ ಹೊತ್ತು ನಾವೂ ಹಾಗೆಯೇ ಕರೆಯೋಣ.

1995ರಲ್ಲಿ ಮೇಯರ್, ಕೆಲೋ ಎಂಬ ಸ್ವಿಸ್ ವಿದ್ವಾಂಸರು ಪೆಗಾಸಸ್ ಮಂಡಲದ 51ನೆಯ ನಕ್ಷತ್ರವನ್ನು ಸುಮಾರು ನಾಲ್ಕು ದಿನಗಳಲ್ಲಿ ಸುತ್ತುವ ಮಹಾಗ್ರಹವೊಂದನ್ನು ಕಂಡುಹಿಡಿದರು. ಆ ನಕ್ಷತ್ರದಲ್ಲಿ ಲೋಹವು ಸೂರ್ಯನಲ್ಲಿರುವುದಕ್ಕಿಂತ ಹೆಚ್ಚು. ಇದು ಕಾಕತಾಳೀಯವೆ? 2005ರಲ್ಲಿ ಫಿಶರ್, ವ್ಯಾಲೆಂಟಿ ಎಂಬವರು 1,040 ನಕ್ಷತ್ರಗಳನ್ನು ಪರೀಕ್ಷಿಸಿದರು. ಸೂರ್ಯನ ಇಮ್ಮಡಿಗೂ ಮೀರಿ ಕಬ್ಬಿಣವುಳ್ಳವುಗಳಲ್ಲಿ ನಾಲ್ಕಕ್ಕೊಂದರ ಬಳಿ ಮಹಾಗ್ರಹ ಕಂಡಿತು. ಸೂರ್ಯನಿಗಿಂತ ಕಡಿಮೆಯಿದ್ದವುಗಳಲ್ಲಿ ನೂರಕ್ಕೆ ಮೂರರ ಬಳಿಯೂ ಕಾಣಲಿಲ್ಲ.

ಆ ಲೋಹ ಹುಟ್ಟಿನಿಂದ ಬಂದುದೊ, ತನ್ನ ಗ್ರಹಗಳನ್ನೇ ನುಂಗಿ ನಕ್ಷತ್ರ ಗಳಿಸಿದುದೊ ಎಂದು ಶ್ರೋತೃಗಳು ಕೇಳಬಹುದು. ನುಂಗಿದುದಾದರೆ, ಹೊರಪದರವು ಬಹು ಆಳದವರೆಗೆ ಕಲಕುವ ನಕ್ಷತ್ರಗಳಲ್ಲಿ ಅದು ತೆಳುವಾಗಬೇಕಿತ್ತು, ಹಾಗಾದುದು ಕಾಣಲಿಲ್ಲ. ಹುಟ್ಟಿನ ಸ್ವತ್ತೆಂಬುದೇ ನಮಗೂ ಯುಕ್ತವಾಗಿ ತೋರುತ್ತದೆ.

ಮಹಾಗ್ರಹಕ್ಕೆ ಮೊದಲು ಭೂಮಿಯ ಸುಮಾರು ಹತ್ತರಷ್ಟು ತೂಕದ ಗಟ್ಟಿ ತಿರುಳು ಬೇಕು. ಎಳೆಯ ನಕ್ಷತ್ರದ ಸುತ್ತಣ ಅನಿಲವೋ ಕೆಲವೇ ದಶಲಕ್ಷ ವರ್ಷಗಳಲ್ಲಿ ಚದುರಿಹೋಗುತ್ತದೆ. ಲೋಹ ಹೇರಳವಾಗಿದ್ದರೆ ಧೂಳೂ ಹೇರಳ. ತಿರುಳು ಬೇಗ ಬಲಿತು ಅನಿಲವನ್ನು ಸೆಳೆದುಕೊಳ್ಳುತ್ತದೆ. ಧೂಳು ವಿರಳವಾದಲ್ಲಿ ತಿರುಳು ಬಲಿಯುವಷ್ಟರಲ್ಲಿ ಸೆಳೆಯಲು ಅನಿಲವೇ ಉಳಿದಿರುವುದಿಲ್ಲ. ಭೂಮಿಯಂಥ ಸಣ್ಣ ಗ್ರಹಗಳಿಗೆ ಈ ಆತುರವಿಲ್ಲ. ಲೋಹ ಕಡಿಮೆಯಾದ ನಕ್ಷತ್ರಗಳ ಬಳಿಯೂ ಸಣ್ಣ ಗ್ರಹಗಳು ದೊರೆತಿವೆ.