ಗಣಿತದ ಅಂಕಗಳು: ಮೆಟ್ಟಿಲಿಗೆ ಸಲ್ಲುವ ಮನ್ನಣೆ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಆನೆಗೊಂದಿಯ ಸಮೀಪದ ಅಂಜನಾದ್ರಿಗೆ 575 ಮೆಟ್ಟಿಲುಗಳುಂಟೆಂಬುದು ಈ ಸೀಮೆಯ ಮಕ್ಕಳಿಗೂ ತಿಳಿದ ಸಂಗತಿ. ಬೆಟ್ಟವನ್ನೇರ ಹೊರಟವರೆಲ್ಲರೂ ತುದಿಯನ್ನು ಮುಟ್ಟುವರೆಂಬ ನಿಯಮವಿಲ್ಲ. ನಾನೂರು ಮೆಟ್ಟಿಲುಗಳನ್ನೇರಿ ದಣಿದು ಕುಳಿತವನಿಗೆ ಶಿಖರದ ದರ್ಶನವಾಗದಿರುವುದು ನಿಜ. ಆದರೆ ಅವನನ್ನೂ, ಬೆಟ್ಟದ ಬುಡದಲ್ಲಿ ಮರದ ನೆರಳನ್ನು ಬಿಟ್ಟೇಳದವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಾದೀತೇ? ಆಗದೆಂದು ಯಾರಾದರೂ ಹೇಳುವರು. ಪ್ರೌಢಶಾಲೆಯ ಗಣಿತ ಪರೀಕ್ಷೆಯಲ್ಲಿ ಅಂಕಗಳನ್ನು ಕೊಡುವ ಕ್ರಮದ ತಿರುಳು ಇಷ್ಟೇ. ಅಲ್ಲಿ ತುದಿಗೆ ಮಾತ್ರವೇ ಬೆಲೆಯಿಲ್ಲ; ಏರಿದ ಪ್ರತಿಯೊಂದು ಮೆಟ್ಟಿಲಿಗೂ ಬೆಲೆಯುಂಟು.

ಈ ಸಂಗತಿಯು ಮನೆಮನೆಗೂ ತಿಳಿದಿಲ್ಲವೆಂಬುದೇ ಇಂದಿನ ಉಪನ್ಯಾಸಕ್ಕೆ ಕಾರಣವಾಗಿದೆ. ಫಲಿತಾಂಶವು ಪ್ರಕಟವಾದ ದಿನ ತಂದೆಯು ಮಗನನ್ನು ಕೇಳುವ ಪ್ರಶ್ನೆ ಒಂದೇ: “ಗಣಿತದಾಗ ಎಷ್ಟು ಬಂತೋ ತಮ್ಮಾ?” ಎಲ್ಲಿ ಬಂದಿತು, ಎಲ್ಲಿ ಹೋಯಿತು ಎಂದು ಕೇಳುವವರು ವಿರಳ. ಗದ್ದೆಯ ಭತ್ತವನ್ನು ಅಳೆದು ತುಂಬುವಾಗ ಎಷ್ಟು ಚೀಲವಾಯಿತೆಂದು ಕೇಳುವ ಒಕ್ಕಲಿಗನು, ಕಡಿಮೆಯಾದರೆ ನೀರು ಸಾಲದೆ ಹೋಯಿತೋ, ಹುಳು ಬಿದ್ದಿತೋ ಎಂದು ವಿಚಾರಿಸದೆ ಬಿಡುವನೇ? ಮಗುವಿನ ಅಂಕಗಳ ವಿಷಯದಲ್ಲಿ ಮಾತ್ರ ಆ ವಿಚಾರವು ನಿಂತುಹೋಗುವುದು. ಅದರಿಂದ ಮಗುವು, ಗಣಿತವೆಂದರೆ ಉತ್ತರ ಬಂದವರಿಗೆ ವರ, ಬಾರದವರಿಗೆ ಶಾಪ ಎಂದು ಭಾವಿಸಿ, ತಿಳಿದಷ್ಟನ್ನೂ ಬರೆಯದೆ ಪುಟವನ್ನು ಬರಿದಾಗಿ ಬಿಟ್ಟು ಬರುವುದು.

ಕನ್ನಡನಾಡಿಗೆ ಗಣಿತವು ಹೊರಗಿನಿಂದ ಬಂದ ಹೊಸ ವಿದ್ಯೆಯಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು. ಮಹಾವೀರಾಚಾರ್ಯನ ಗ್ರಂಥದಲ್ಲಿ ಮೊದಲು ಸೂತ್ರವನ್ನೂ ಅದರ ಬೆನ್ನಿಗೆ ಉದಾಹರಣೆಯ ಲೆಕ್ಕಗಳನ್ನೂ ಇಟ್ಟಿರುವುದು ಕಾಣುವುದು. ಉತ್ತರಕ್ಕಿಂತ ಮೊದಲು ದಾರಿಯನ್ನು ಕಲಿಸಬೇಕೆಂಬ ಅರಿವು ಅಷ್ಟು ಹಿಂದಿನದು.

ಆದರೂ ಈ ಭಾಗದ ಮಕ್ಕಳಿಗೆ ಆ ದಾರಿಯು ಬಹುಕಾಲ ಪರಭಾಷೆಯ ಮುಳ್ಳುಬೇಲಿಯ ಆಚೆಗೆ ಇದ್ದಿತು. ಆನೆಗೊಂದಿ, ಗಂಗಾವತಿ, ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದೊಳಗಿದ್ದವು. ಅಲ್ಲಿ ಮೇಲಣ ತರಗತಿಗಳ ಮಾಧ್ಯಮವು ಉರ್ದುವಾಗಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲಿಯೇ ಬೋಧಿಸುತ್ತಿದ್ದಿತು. ಮನೆಯಲ್ಲಿ ಕನ್ನಡದಲ್ಲಿ ಎಣಿಸುವ ಬಾಲಕನು ಶಾಲೆಯಲ್ಲಿ ಮತ್ತೊಂದು ಭಾಷೆಯಲ್ಲಿ ಕಾರಣ ಹೇಳಬೇಕಾಗಿದ್ದಿತು. ಮೆಟ್ಟಿಲಿಗೆ ಅಂಕವುಂಟಾದರೂ, ಆ ಮೆಟ್ಟಿಲನ್ನು ಹೆಸರಿಸಲು ಮಾತು ಬೇಡವೇ? 1956ರ ನವೆಂಬರ್ 1ರಂದು ಈ ಪ್ರಾಂತವು ವಿಶಾಲ ಮೈಸೂರಿನಲ್ಲಿ ಸೇರಿತು. 1966ರಲ್ಲಿ ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ಏರ್ಪಟ್ಟಿತು. ಇಂದು ಆನೆಗೊಂದಿಯ ವಿದ್ಯಾರ್ಥಿನಿಯು ‘ದತ್ತ’, ‘ಸಾಧನೀಯ’, ‘ರಚನೆ’, ‘ಸಾಧನೆ’ ಎಂದು ತನ್ನ ನುಡಿಯಲ್ಲಿಯೇ ಬರೆದು ಅಂಕ ಪಡೆಯುತ್ತಿರುವಳು. ಇದು ಅಲ್ಪವಾದ ಲಾಭವಲ್ಲ.

ಇನ್ನು ಪ್ರಶ್ನಪತ್ರಿಕೆಯ ಸ್ವರೂಪವನ್ನು ನೋಡುವಾ. ಎಸ್.ಎಸ್.ಎಲ್.ಸಿ. ಗಣಿತಕ್ಕೆ ಒಟ್ಟು 100 ಅಂಕಗಳು. ಅವುಗಳಲ್ಲಿ 20 ಅಂಕಗಳು ಶಾಲೆಯಲ್ಲಿ ವರ್ಷವಿಡೀ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ, 80 ಅಂಕಗಳು ಬರಹದ ಪರೀಕ್ಷೆಗೆ. ಈಚಿನ ವರ್ಷಗಳ ಪತ್ರಿಕೆಯಲ್ಲಿ 38 ಪ್ರಶ್ನೆಗಳಿದ್ದವು. ಆಯ್ದು ಬರೆಯುವವು 8, ಒಂದೇ ಮಾತಿನಲ್ಲಿ ಉತ್ತರಿಸುವವು 8. ಇವಕ್ಕೆ ಒಂದೊಂದು ಅಂಕ. ಎರಡಂಕದವು 8, ಮೂರಂಕದವು 9, ನಾಲ್ಕಂಕದವು 4, ಐದಂಕದ್ದು ಒಂದು. ಕೂಡಿಸಿದರೆ 80 ಆಗುವುದು. ಒಂದಂಕದ 16 ಪ್ರಶ್ನೆಗಳಲ್ಲಿ ಉತ್ತರವೇ ಪ್ರಧಾನ. ಉಳಿದ 22 ಪ್ರಶ್ನೆಗಳು 64 ಅಂಕಗಳನ್ನು ಹೊತ್ತಿರುವವು. ಅಲ್ಲಿ ದಾರಿಯೇ ಪ್ರಧಾನ.

ದಾರಿಗೆ ಅಂಕ ಹೇಗೆ ಸಲ್ಲುವುದು? ಕಣದಲ್ಲಿ ರಾಶಿ ಹಾಕಿದ ಭತ್ತವು ಶಂಕುವಿನ ಆಕಾರದಲ್ಲಿರುವುದಷ್ಟೆ. ಅದರ ಬುಡದ ತ್ರಿಜ್ಯವು 7 ಅಡಿ, ಎತ್ತರವು 6 ಅಡಿ; ಘನಫಲವೆಷ್ಟು? ಎರಡಂಕದ ಇಂತಹ ಲೆಕ್ಕವನ್ನು ಅರ್ಧರ್ಧ ಅಂಕದ ನಾಲ್ಕು ಮೆಟ್ಟಿಲುಗಳಾಗಿ ಒಡೆಯಬಹುದು. ಶಂಕುವಿನ ಘನಫಲದ ಸೂತ್ರವನ್ನು ಬರೆದುದಕ್ಕೆ ಅರ್ಧ. ತ್ರಿಜ್ಯ, ಎತ್ತರಗಳ ಬೆಲೆಗಳನ್ನು ಅದರಲ್ಲಿ ಆದೇಶಿಸಿದುದಕ್ಕೆ ಅರ್ಧ. ಸುಲಭೀಕರಿಸಿದುದಕ್ಕೆ ಅರ್ಧ. 308 ಘನ ಅಡಿ ಎಂಬ ಉತ್ತರವನ್ನು ಮಾನದೊಡನೆ ಬರೆದುದಕ್ಕೆ ಅರ್ಧ. ಒಬ್ಬ ಬಾಲಕನು ಸೂತ್ರವನ್ನು ಸರಿಯಾಗಿ ಬರೆದು, ಬೆಲೆಗಳನ್ನೂ ಸರಿಯಾಗಿಟ್ಟು, 154ನ್ನು 6ರಿಂದ ಗುಣಿಸುವಾಗ 924ಕ್ಕೆ ಬದಲು 914 ಎಂದು ಬರೆದನೆನ್ನಿ. ಅವನ ಉತ್ತರವು ತಪ್ಪು. ಆದರೂ ಮೊದಲ ಎರಡು ಮೆಟ್ಟಿಲುಗಳ ಒಂದು ಅಂಕವು ಅವನದೇ. ಅದನ್ನು ಕಿತ್ತುಕೊಳ್ಳುವ ಅಧಿಕಾರವು ಯಾರಿಗೂ ಇಲ್ಲ. ಇನ್ನೊಬ್ಬನು ಸೂತ್ರದಲ್ಲಿ ಮೂರನೆಯ ಒಂದು ಭಾಗವೆಂಬುದನ್ನೇ ಮರೆತನೆನ್ನಿ. ಅವನ ಗುಣಾಕಾರವೆಲ್ಲ ಸರಿಯಾಗಿದ್ದರೂ ಅವನು ಅಳೆದುದು ಶಂಕುವನ್ನಲ್ಲ, ಸ್ತಂಭಾಕೃತಿಯನ್ನು. ಮೊದಲನೆಯವನದು ಕೈಯ ತಪ್ಪು, ಎರಡನೆಯವನದು ತಿಳಿವಿನ ತಪ್ಪು. ಈ ಎರಡಕ್ಕೂ ಇರುವ ಅಂತರವನ್ನು ಕಾಣಿಸುವುದೇ ಮೆಟ್ಟಿಲಂಕದ ಗುಣ.

ಪ್ರಮೇಯಗಳಲ್ಲಿ ಇದು ಇನ್ನೂ ಸ್ಪಷ್ಟವಾಗುವುದು. ಚಿತ್ರಕ್ಕೆ, ದತ್ತಕ್ಕೆ, ಸಾಧನೀಯಕ್ಕೆ, ಬೇಕಾದಲ್ಲಿ ರಚನೆಗೆ, ಕೊನೆಗೆ ಸಾಧನೆಯ ಒಂದೊಂದು ಹೇಳಿಕೆಗೆ ಬೇರೆಬೇರೆ ಅಂಕಭಾಗಗಳನ್ನು ಹಂಚಿಡುವರು. ಸಾಧನೆಯು ಹೊಳೆಯದವನೂ, ಏನು ಕೊಟ್ಟಿದೆ, ಏನನ್ನು ಸಾಧಿಸಬೇಕಾಗಿದೆ ಎಂಬುದನ್ನು ಅರಿತು ಬರೆದರೆ ಅದಕ್ಕೆ ಮನ್ನಣೆಯುಂಟು. ನಕ್ಷೆಯ ಲೆಕ್ಕದಲ್ಲಿ ಎರಡು ಕೋಷ್ಟಕಗಳು, ಎರಡು ಸರಳರೇಖೆಗಳು, ಅವು ಕೂಡುವ ಬಿಂದು, ಹೀಗೆ ವಿಂಗಡಣೆಯಾಗುವುದು.

ಇಲ್ಲಿ ಒಂದು ಸಂದೇಹವು ಹುಟ್ಟಬಹುದು. ಮಾದರಿ ಉತ್ತರದಲ್ಲಿಲ್ಲದ ದಾರಿಯನ್ನು ಮಗುವು ಹಿಡಿದರೆ ಏನು ಗತಿ? ಹಂಪೆಯ ತಳವಾರಘಟ್ಟದಿಂದ ಹರಿಗೋಲನ್ನೇರಿ ಆನೆಗೊಂದಿಗೆ ಬಂದವನೂ, ಸುತ್ತುಬಳಸಿ ಕಡೇಬಾಗಿಲಿನ ಸೇತುವೆಯ ಮೇಲೆ ಬಂದವನೂ ಹೊಳೆಯನ್ನು ದಾಟಿದವರೇ ಅಲ್ಲವೇ? ಎರಡು ರೇಖಾತ್ಮಕ ಸಮೀಕರಣಗಳನ್ನು ಆದೇಶವಿಧಾನದಿಂದ ಬಿಡಿಸಿದರೂ ವರ್ಜಿಸುವ ವಿಧಾನದಿಂದ ಬಿಡಿಸಿದರೂ, ಯುಕ್ತಿಯು ಸರಿಯಾಗಿದ್ದರೆ ಪೂರ್ಣಾಂಕವು ಸಲ್ಲತಕ್ಕದ್ದು. ಪ್ರಶ್ನೆಯೇ ‘ನಕ್ಷೆಯ ಮೂಲಕ ಬಿಡಿಸಿ’ ಎಂದು ದಾರಿಯನ್ನು ಗೊತ್ತುಮಾಡಿದಾಗ ಮಾತ್ರ ಬೇರೆ ದಾರಿಗೆ ಆ ಹಕ್ಕಿಲ್ಲ. ಆದುದರಿಂದ ಪ್ರಶ್ನೆಯನ್ನು ಎರಡಾವರ್ತಿ ಓದುವುದು ವಿದ್ಯಾರ್ಥಿಯ ಮೊದಲ ಕರ್ತವ್ಯ.

ಮೆಟ್ಟಿಲುಗಳನ್ನು ಇಷ್ಟು ಸೂಕ್ಷ್ಮವಾಗಿ ಗೊತ್ತುಮಾಡುವ ಅಗತ್ಯವಾದರೂ ಏನಿದ್ದಿತು? ಅನುಭವಿಯಾದ ಉಪಾಧ್ಯಾಯನು ಕಣ್ಣಳತೆಯಿಂದಲೇ ಬೆಲೆ ಕಟ್ಟಲಾರನೇ? ಈ ಪ್ರಶ್ನೆಗೆ 1913ರಲ್ಲಿಯೇ ಅಮೆರಿಕೆಯಿಂದ ಉತ್ತರ ದೊರೆಯಿತು. ಡೇನಿಯಲ್ ಸ್ಟಾರ್ಚ್, ಎಡ್ವರ್ಡ್ ಎಲಿಯಟ್ ಎಂಬ ಇಬ್ಬರು ವಿದ್ವಾಂಸರು ರೇಖಾಗಣಿತದ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಮಂದಿ ಗಣಿತದ ಉಪಾಧ್ಯಾಯರಿಗೆ ಕಳುಹಿಸಿ ಬೆಲೆ ಕಟ್ಟಿಸಿದರು. ಕೆಲವರು ನೂರಕ್ಕೆ ಮೂವತ್ತಕ್ಕಿಂತಲೂ ಕಡಿಮೆ ಕೊಟ್ಟರು. ಕೆಲವರು ತೊಂಬತ್ತಕ್ಕಿಂತಲೂ ಹೆಚ್ಚು ಕೊಟ್ಟರು. ಪತ್ರಿಕೆ ಒಂದೇ, ಬರೆದ ಕೈ ಒಂದೇ, ವಿಷಯವು ನಿಶ್ಚಿತವೆಂದು ಹೆಸರಾದ ಗಣಿತ! ಕಣ್ಣಳತೆಯನ್ನು ನಂಬಿದರೆ ಮಗುವಿನ ಭವಿಷ್ಯವು ಪತ್ರಿಕೆಯು ಯಾರ ಮೇಜಿಗೆ ಬಿದ್ದಿತೆಂಬುದರ ಮೇಲೆ ನಿಲ್ಲುವುದು. ಅಳೆಯುವವನ ಮನಸ್ಸು ಬದಲಾದರೂ ಕೊಳಗವು ಬದಲಾಗಬಾರದು. ಅಂತೆಯೇ ಇಂಗ್ಲೆಂಡಿನ ಪರೀಕ್ಷಾಮಂಡಲಿಗಳಲ್ಲಿ ವಿಧಾನಕ್ಕೆ ಬೇರೆ, ನಿಖರತೆಗೆ ಬೇರೆ ಎಂದು ಅಂಕಗಳನ್ನು ಗುರುತಿಸುವರು. ಕರ್ನಾಟಕದಲ್ಲಿಯೂ ಮಾದರಿ ಉತ್ತರಗಳನ್ನು ಸಿದ್ಧಪಡಿಸಿ, ಮೇಲ್ವಿಚಾರಣೆಗೆ ಹಿರಿಯ ಮೌಲ್ಯಮಾಪಕರನ್ನು ನೇಮಿಸುವರು.

ಇಷ್ಟಾದರೂ ಮನುಷ್ಯನ ಕೈ ತಪ್ಪದಿರಲಾರದು. ಒಳಪುಟದ ಅಂಕವು ಮೇಲುಪುಟಕ್ಕೆ ಏರದೆ ಉಳಿಯಬಹುದು, ಕೂಡಿಸುವಲ್ಲಿ ಎಡವಬಹುದು. ಅದಕ್ಕಾಗಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ಪಡೆದು ನೋಡುವ, ಮರುಎಣಿಕೆಯನ್ನೂ ಮರುಮೌಲ್ಯಮಾಪನವನ್ನೂ ಕೋರುವ ಅವಕಾಶವನ್ನು ಕಲ್ಪಿಸಿರುವರು. ಪಟ್ಟಣದ ಬಲ್ಲವರು ಇದನ್ನು ಉಪಯೋಗಿಸುವರು. ಹಳ್ಳಿಯ ಕೂಲಿಕಾರನು, ‘ಸರಕಾರ ಬರೆದದ್ದು ಬರೆದಾಯಿತು’ ಎಂದು ಸುಮ್ಮನಾಗುವನು. ಹಕ್ಕು ಇಬ್ಬರಿಗೂ ಸಮಾನವಾಗಿದ್ದು, ತಿಳಿವಳಿಕೆಯು ಒಬ್ಬನಿಗೆ ಮಾತ್ರ ಇದ್ದರೆ ಅದು ಸಮಾನತೆಯೆನಿಸಲಾರದು.

ಈಗ ಬರಿಯ ಪುಟದ ವಿಚಾರಕ್ಕೆ ಬರಬೇಕು. ತಪ್ಪುತ್ತರಕ್ಕಾಗಿ ಅಂಕ ಕಳೆಯುವ ಪದ್ಧತಿಯು ಈ ಪರೀಕ್ಷೆಯಲ್ಲಿ ಇಲ್ಲ. ಬಹುವರ್ಷಗಳವರೆಗೆ ಬರಹದ 80ರಲ್ಲಿ 28 ಅಂಕಗಳು ಉತ್ತೀರ್ಣತೆಯ ಎಲ್ಲೆಯಾಗಿದ್ದವು. 2025ರಲ್ಲಿ ಸರಕಾರವು ಆ ನಿಯಮವನ್ನು ಸಡಿಲಿಸಿ, ಎಲ್ಲ ವಿಷಯಗಳ 625ರಲ್ಲಿ 206, ಒಂದೊಂದು ವಿಷಯದಲ್ಲಿ ಕನಿಷ್ಠ 30 ಎಂದು ಗೊತ್ತುಮಾಡಿತು. ಹಳೆಯ ಎಲ್ಲೆಯನ್ನೇ ಹಿಡಿದು ಲೆಕ್ಕ ಹಾಕಿ ನೋಡಿರಿ. ದೊಡ್ಡ ಪ್ರಶ್ನೆಗಳು 22. ಒಂದನ್ನೂ ಮುಗಿಸಲಾರದ ವಿದ್ಯಾರ್ಥಿಯು ಪ್ರತಿಯೊಂದರಲ್ಲಿಯೂ ಮೊದಲ ಮೆಟ್ಟಿಲುಗಳನ್ನು ಸರಿಯಾಗಿ ಹತ್ತಿ ಒಂದೊಂದೇ ಅಂಕವನ್ನು ಗಳಿಸಿದನೆನ್ನಿ, 22 ಆದವು. ಒಂದಂಕದ 16 ಪ್ರಶ್ನೆಗಳಲ್ಲಿ ಅರ್ಧವನ್ನು ಮಾತ್ರ ಬಲ್ಲನೆನ್ನಿ. 8 ಸೇರಿ 30 ಆದವು. ಒಂದು ದೊಡ್ಡ ಲೆಕ್ಕವನ್ನೂ ಪೂರೈಸದವನು ಹೊಸ್ತಿಲನ್ನು ದಾಟಿದನು! ಅದೇ ಬಾಲಕನು ಅಂಜಿ ಹನ್ನೊಂದು ಪ್ರಶ್ನೆಗಳ ಜಾಗವನ್ನು ಬರಿದಾಗಿ ಬಿಟ್ಟಿದ್ದರೆ 19ಕ್ಕೆ ನಿಂತು ಅನುತ್ತೀರ್ಣನಾಗುತ್ತಿದ್ದನು. ಅವನ ವಿದ್ಯೆಯು ಎರಡು ಸಂದರ್ಭಗಳಲ್ಲಿಯೂ ಒಂದೇ. ಅವನನ್ನು ಸೋಲಿಸಿದುದು ಅಂಜಿಕೆ.

2024ರಲ್ಲಿ ಪರೀಕ್ಷೆಯ ಬಿಗಿಯು ಹೆಚ್ಚಿ ಫಲಿತಾಂಶವು ಕುಸಿದಾಗ, ಕೃಪಾಂಕಗಳ ಪ್ರಮಾಣವನ್ನು ನೂರಕ್ಕೆ 10ರಿಂದ 20ಕ್ಕೆ ಏರಿಸಲಾಯಿತು; ಮರುವರ್ಷ ಅದು ಮುಂದುವರಿಯಲಿಲ್ಲ. ಕೃಪಾಂಕವು ಬಂದಾಗ ಬೇಡವೆನ್ನುವವರಿಲ್ಲ. ಆದರೆ ಮೆಟ್ಟಿಲಂಕವು ಕೃಪೆಯಲ್ಲ, ದುಡಿಮೆಯ ಕೂಲಿ. ಕಾಯಕವನ್ನು ನಂಬಿದ ಸಮಾಜಕ್ಕೆ ಈ ಎರಡರ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಡಿದಷ್ಟಕ್ಕೆ ಸಲ್ಲಬೇಕಾದುದು ತಪ್ಪದೆ ಸಲ್ಲಬೇಕು, ಮಾಡದುದಕ್ಕೆ ಆಸೆಪಡಬಾರದು.

ಈ ಕ್ರಮದಲ್ಲಿ ದೋಷವಿಲ್ಲವೆಂದಲ್ಲ. ಅರ್ಥವರಿಯದೆ ಪ್ರಮೇಯವನ್ನು ಬಾಯಿಪಾಠ ಮಾಡಿದವನೂ ಪೂರ್ಣಾಂಕ ಪಡೆಯಬಲ್ಲನು. ಮನಸ್ಸಿನಲ್ಲಿಯೇ ಲೆಕ್ಕವನ್ನು ಬಿಡಿಸಿ ಉತ್ತರವನ್ನಷ್ಟೇ ಬರೆದ ಜಾಣನು ಮೆಟ್ಟಿಲಂಕವನ್ನು ಕಳೆದುಕೊಳ್ಳಬಹುದು. ಶ್ರೀನಿವಾಸ ರಾಮಾನುಜನ್ನರು 1907ರಲ್ಲಿ ಮದರಾಸಿನ ಎಫ್.ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾದರು, 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು. ಅವರು ಎಡವಿದುದು ಗಣಿತದಲ್ಲಲ್ಲ, ಉಳಿದ ವಿಷಯಗಳಲ್ಲಿ. ಯಾವ ಪರೀಕ್ಷೆಯೂ ಇಡೀ ಮನುಷ್ಯನನ್ನು ಅಳೆಯಲಾರದೆಂಬುದಕ್ಕೆ ಇದು ಸಾಕ್ಷಿ. ಅಂಕಪಟ್ಟಿಯು ಆ ದಿನ, ಆ ಮೂರು ಗಂಟೆಗಳಲ್ಲಿ, ಆ ಕಾಗದದ ಮೇಲೆ ಕಾಣಿಸಿದುದರ ಲೆಕ್ಕ; ಮಗುವಿನ ಬಾಳಿನ ಲೆಕ್ಕವಲ್ಲ.

ಆದುದರಿಂದ ಉಪಾಧ್ಯಾಯರು ತರಗತಿಯಲ್ಲಿ ತಿದ್ದುವಾಗ ಕೆಂಪು ಗೆರೆಯೊಂದನ್ನೆಳೆದು ಸೊನ್ನೆ ಹಾಕದೆ, ಎಷ್ಟನೆಯ ಮೆಟ್ಟಿಲಿನಲ್ಲಿ ಕಾಲು ಜಾರಿತೆಂಬುದನ್ನು ತೋರಿಸಬೇಕು. ವಿದ್ಯಾರ್ಥಿಗಳು ತಿಳಿದಷ್ಟನ್ನು ಅಚ್ಚುಕಟ್ಟಾಗಿ, ಒಂದರ ಕೆಳಗೊಂದು ಬರೆಯಬೇಕು. ತಂದೆತಾಯಿಗಳು ಓದು ಬಾರದವರಾಗಿದ್ದರೂ ಚಿಂತೆಯಿಲ್ಲ, “ಎಷ್ಟು ಬಂತು?” ಎಂಬುದರ ಜೊತೆಗೆ “ಎಲ್ಲಿ ತಪ್ಪಿತು, ತೋರಿಸು” ಎಂದು ಪ್ರೀತಿಯಿಂದ ಕೇಳಬೇಕು. ತೋರಿಸಲು ಹೊರಟ ಮಗುವು ಅರ್ಧ ಕಲಿತಂತೆಯೇ. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿ ಮುಂದೆ ಬಂದವರು ವರ್ಷಕ್ಕೊಮ್ಮೆ, ಫಲಿತಾಂಶದ ವಾರದಲ್ಲಿ ಒಂದು ದಿನ ಕುಳಿತು, ಬಡಮಕ್ಕಳಿಗೆ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿ ಓದಿ ಹೇಳುವುದಾದರೆ ಅದೊಂದು ದಾಸೋಹವೇ ಆಗುವುದು.

ಅಂಜನಾದ್ರಿಯ ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ಹಾರಿದ ಮನುಷ್ಯನಿಲ್ಲ. ಹತ್ತಿದವರೆಲ್ಲರೂ ಒಂದೊಂದಾಗಿಯೇ ಹತ್ತಿದರು. ಶ್ರೀಮಠದ ಮಕ್ಕಳು ಈ ನಡೆಯನ್ನು ಗಣಿತದಲ್ಲಿಯೂ ಬಾಳಿನಲ್ಲಿಯೂ ಕಲಿಯಲಿ. ಅವರು ಏರಿದ ಒಂದು ಮೆಟ್ಟಿಲಾದರೂ ಎಣಿಕೆಗೆ ಬಾರದೆ ಹೋಗದಿರಲಿ.

ಸರ್ವರಿಗೂ ಮಂಗಳವಾಗಲಿ.